ಹಳೆ ಜೀಪಿನ ಹೊಟ್ಟೆಯಡಿಗೂ ಒಮ್ಮೆ ಬಗ್ಗಿ ನೋಡಿ

ಮಾನ್ಯ ಸಂಪಾದಕರೇ,

ಘಟ್ಟದ ಪ್ರವಾಸಿ ತಾಣಗಳಲ್ಲಿ ಓಡುವ ಹಳೆಯ ಜೀಪುಗಳ ಬಗ್ಗೆ ಈಚೆಗೆ ತಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರ ಪತ್ರ ಬಂದಿತ್ತು. ಒಂದು ಗಾಡಿಯ ತಲೆ, ಇನ್ನೊಂದು ಗಾಡಿಯ ಬಾಲ ಸೇರಿಸಿದ ಬೆರಕೆ ಜೀಪುಗಳಲ್ಲಿ ಜನರನ್ನು ಕೂರಿಸಿಕೊಂಡು ಬೆಟ್ಟ ಹತ್ತಿಸುತ್ತಾರೆ, ಅವನ್ನೆಲ್ಲ ಸಾರಾಸಗಟಾಗಿ ಗುಜರಿಗೆ ಹಾಕಬೇಕು ಎಂದು ಅವರು ಬರೆದಿದ್ದರು. ಅವರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಕೊಡಚಾದ್ರಿಯ ಏರಿನಲ್ಲೋ ಮಾಂದಲ್‌ಪಟ್ಟಿಯ ದಾರಿಯಲ್ಲೋ ಒಮ್ಮೆ ಹಿಂದಿನ ಸೀಟಿನಲ್ಲಿ ಕಂಬಿ ಹಿಡಿದು ಕೂತವರಿಗೆ ಆ ಭಯ ಬಂದೇ ಬರುತ್ತದೆ. ಆದರೆ ಭಯಪಡಬೇಕಾದ ಜಾಗ ಯಾವುದು ಎಂಬುದರಲ್ಲಿ ಅವರಿಗೂ ನನಗೂ ಭಿನ್ನಾಭಿಪ್ರಾಯವಿದೆ.

ನಾನು ಕಳಸದ ಕಡೆಯ ಸಣ್ಣ ಬೆಳೆಗಾರ್ತಿ. ಸ್ವಲ್ಪ ಕಾಫಿ, ಸ್ವಲ್ಪ ಅಡಿಕೆ, ಮರಕ್ಕೆ ಹಬ್ಬಿದ ಮೆಣಸು. ಟಾರು ರಸ್ತೆಯಿಂದ ನಮ್ಮ ಮನೆಗೆ ಬರುವ ದಾರಿ ಮಳೆಗಾಲದಲ್ಲಿ ದಾರಿ ಅನ್ನಿಸಿಕೊಳ್ಳುವುದಿಲ್ಲ. ಗೊಬ್ಬರದ ಚೀಲ, ಆಳುಗಳು, ಕಾಯಿಲೆ ಬಿದ್ದವರು, ಮದುವೆಯ ದಿಬ್ಬಣ ಎಲ್ಲವೂ ಜೀಪಿನಲ್ಲೇ ಬರಬೇಕು. ಜೀಪು ಓಡಿಸುವುದನ್ನು ತಂದೆಯವರಿಂದ ಕಲಿತೆ. ಜೀಪಿನ ಅಡಿಗೆ ಗೋಣಿಚೀಲ ಹಾಸಿ ಮಲಗುವುದನ್ನು ಗ್ಯಾರೇಜಿನ ಮೇಸ್ತ್ರಿಯಿಂದ ಕಲಿತೆ. ನಮ್ಮನೆಯವರಿಗೆ ಇದು ಇವತ್ತಿಗೂ ಸರಿಬಂದಿಲ್ಲ, ಅದು ಬೇರೆ ಮಾತು.

ನಮ್ಮಲ್ಲಿ ಎರಡು ಜೀಪುಗಳಿದ್ದವು. ಒಂದು ತಂದೆಯವರ ಕಾಲದ ಸಿಜೆ-3ಬಿ, ಪೆಟ್ರೋಲ್ ಗಾಡಿ. ಬಾನೆಟ್ ಎತ್ತರ ಇರುವುದರಿಂದ ದೂರದಿಂದಲೇ ಗುರುತು ಸಿಗುತ್ತದೆ. 1953ರಲ್ಲಿ ವಿಲ್ಲಿಸ್ ಕಂಪನಿ ಈ ಮಾದರಿಯನ್ನು ತಂದಾಗ ಒಳಗೆ ಕೂರಿಸಿದ ಹರಿಕೇನ್ ಎಂಜಿನ್ ಹಳೆಯದಕ್ಕಿಂತ ಎತ್ತರವಾಗಿತ್ತು, ಅದಕ್ಕೆ ಮುಚ್ಚಳವನ್ನೂ ಎತ್ತರಿಸಿದರು, ಅಷ್ಟೆ. ಮಹೀಂದ್ರದವರು 1940ರ ದಶಕದ ಕೊನೆಯಿಂದಲೇ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸುತ್ತಿದ್ದವರು, ಈ 3ಬಿಯನ್ನು ದಶಕಗಟ್ಟಲೆ ಇಲ್ಲೇ ಮಾಡಿದರು. ಇನ್ನೊಂದು ಅತ್ತೆಮನೆ ಕಡೆಯಿಂದ ಬಂದ ಎಂಎಂ-540, ಪ್ಯೂಜೋ ಡೀಸೆಲ್ ಎಂಜಿನ್ನಿನದು. ಅದರ ಛಾಸಿ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟು, ತುಕ್ಕು ತಿಂದು ಕೈಬೆರಳು ತೂರುವಷ್ಟು ತೂತಾಗಿ, ಕೊಟ್ಟಿಗೆ ಪಕ್ಕದ ಮಾಡಿನಡಿ ನಿಂತಿತ್ತು. ಕೋಳಿಗಳಿಗೆ ಅನುಕೂಲವಾಗಿತ್ತು.

ಒಂದು ಮಳೆಗಾಲ 3ಬಿಯ ಹಿಂದಿನ ಹೌಸಿಂಗಿನೊಳಗೆ, ಅಂದರೆ ಎರಡು ಚಕ್ರಗಳ ನಡುವಿನ ಆಕ್ಸೆಲ್ಲಿನ ಕವಚದೊಳಗೆ, ಚಕ್ರ ತಿರುಗಿಸುವ ದೊಡ್ಡ ಹಲ್ಲುಗಾಲಿಯಾದ ಕ್ರೌನಿನ ಹಲ್ಲು ಮುರಿಯಿತು. ಗೊಬ್ಬರ ಹೇರಿಕೊಂಡು ಏರು ಹತ್ತುವಾಗ 'ಟಕ್' ಎಂದು ಸದ್ದು, ಆಮೇಲೆ ಪ್ರತಿ ಸುತ್ತಿಗೂ ಒಂದೊಂದು ಟಕ್. ಎಣ್ಣೆ ಬಿಚ್ಚಿದರೆ ಅದರ ಜೊತೆ ಹಲ್ಲಿನ ಚೂರುಗಳೂ ಬಂದವು. ಮಾಡಿನಡಿ ನಿಂತಿದ್ದ 540ರ ಹೌಸಿಂಗ್‌ಗಳು ಚೆನ್ನಾಗಿದ್ದವು. ಒಂದೇ ವಂಶದ ಗಾಡಿಗಳು. ಸತ್ತದ್ದರಿಂದ ತೆಗೆದು ಬದುಕಿರುವುದಕ್ಕೆ ಹಾಕುವುದು ಮಲೆನಾಡಿನಲ್ಲಿ ಯಾರಿಗಾದರೂ ಹೊಳೆಯುವ ಉಪಾಯ. ಆ ಉಪಾಯವನ್ನೇ ತಮ್ಮ ಓದುಗರು ಬೆರಕೆ ಎಂದು ಹಳಿದಿರುವುದು.

ನಾವು ಮೊದಲು ಕೇಳಿದ ಒಂದು ಗ್ಯಾರೇಜಿನವರು ಹೇಳಿದ್ದು ಹೀಗೆ: "ಹಿಂದಿನ ಹೌಸಿಂಗ್ ಒಂದನ್ನ ಹಾಕಿಬಿಡುವ. ಮುಂದಿಂದು ಚೆನ್ನಾಗೇ ಉಂಟಲ್ಲ, ಅದನ್ಯಾಕೆ ಮುಟ್ಟೋದು?" ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಅರ್ಧ ಖರ್ಚು, ಅರ್ಧ ಕೆಲಸ. ನಮ್ಮ ಮೇಸ್ತ್ರಿ ಮಾತ್ರ ಅದಕ್ಕೆ ಒಪ್ಪಲಿಲ್ಲ. "ಅಮ್ಮಾ, ಹಾಕಿದ್ರೆ ಎರಡೂ ಹಾಕ್ಬೇಕು, ಇಲ್ಲಾಂದ್ರೆ ಒಂದೂ ಬೇಡ. ಮೊದ್ಲು ಹಲ್ಲು ಎಣಿಸಿ ನೋಡಿ" ಎಂದರು. ಎಣಿಸಿದೆವು. 3ಬಿಯ ಕ್ರೌನಿನಲ್ಲಿ 43 ಹಲ್ಲು, ಅದನ್ನು ತಿರುಗಿಸುವ ಸಣ್ಣ ಹಲ್ಲುಗಾಲಿ ಪಿನಿಯನ್ನಿನಲ್ಲಿ 8. ನಮ್ಮ 540ರದರಲ್ಲಿ 39 ಮತ್ತು 8. ಭಾಗಿಸಿದರೆ ಮೊದಲನೆಯದು 5.38, ಎರಡನೆಯದು 4.88. ಅಂದರೆ ಚಕ್ರ ಒಂದು ಸುತ್ತು ಬರಲು ಒಂದರಲ್ಲಿ ಗೇರ್ ಬಾಕ್ಸಿನ ಕಡೆಯಿಂದ ಹೌಸಿಂಗಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಐದು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗಬೇಕು, ಇನ್ನೊಂದರಲ್ಲಿ ಐದಕ್ಕೆ ಸ್ವಲ್ಪ ಕಮ್ಮಿ.

ಈ ಅರ್ಧ ಸುತ್ತಿನ ವ್ಯತ್ಯಾಸ ಏನು ಮಾಡುತ್ತದೆ ಎಂಬುದೇ ನಾನು ಈ ಪತ್ರ ಬರೆಯಲು ಕಾರಣ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಹಳೆಯ ಜೀಪುಗಳಲ್ಲಿ ಫೋರ್ ವ್ಹೀಲ್ ಹಾಕಿದಾಗ, ಎಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸು ಮುಂದಿನ ಶಾಫ್ಟನ್ನೂ ಹಿಂದಿನ ಶಾಫ್ಟನ್ನೂ ಒಂದಕ್ಕೊಂದು ಬಿಗಿದುಬಿಡುತ್ತದೆ. ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು, ನಡುವೆ ವೇಗದ ಹೊಂದಾಣಿಕೆ ಮಾಡುವ ಡಿಫ್ (ಡಿಫರೆನ್ಷಿಯಲ್) ಇಲ್ಲ. 6.00-16 ಟೈರಿನ ಸುತ್ತಳತೆ ಸುಮಾರು ಎರಡೂಕಾಲು ಮೀಟರ್. ಒಂದು ಕಿಲೋಮೀಟರಿಗೆ ಚಕ್ರ ಸುಮಾರು 444 ಸುತ್ತು ಬರುತ್ತದೆ. ಅಷ್ಟಕ್ಕೆ 5.38ರ ಕಡೆ ಶಾಫ್ಟು ಸುಮಾರು 2,390 ಸುತ್ತು ಬೇಡುತ್ತದೆ, 4.88ರ ಕಡೆ ಸುಮಾರು 2,170. ಕಿಲೋಮೀಟರಿಗೆ 220 ಸುತ್ತಿನ ಜಗಳ. ಶಾಫ್ಟುಗಳು ಬಿಗಿದಿರುವುದರಿಂದ ಆ ಜಗಳ ತೀರಬೇಕಾದರೆ ಯಾವುದಾದರೂ ಟೈರು ನೆಲದ ಮೇಲೆ ಜಾರಬೇಕು. ಕೆಸರಿನಲ್ಲಿ ಜಾರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಬಂಡೆಯ ಮೇಲೆ, ಕಾಂಕ್ರೀಟಿನ ಮೇಲೆ, ಒಣ ಟಾರಿನ ತಿರುವಿನಲ್ಲಿ ಜಾರುವುದಿಲ್ಲ. ಆಗ ತಿರುಚು ಪೂರಾ ಒಳಗೇ ಕಟ್ಟಿಕೊಳ್ಳುತ್ತದೆ. ಸ್ಟಿಯರಿಂಗ್ ಗಟ್ಟಿಯಾಗುತ್ತದೆ, ಫೋರ್ ವ್ಹೀಲ್ ಲಿವರ್ ಎಳೆದರೂ ಬರುವುದಿಲ್ಲ, ಕೊನೆಗೆ ಶಾಫ್ಟಿನ ಕೀಲಾದ ಯೂನಿವರ್ಸಲ್ ಜಾಯಿಂಟಿನ ಕ್ರಾಸೋ ಚಕ್ರ ತಿರುಗಿಸುವ ಆಕ್ಸೆಲ್ ಶಾಫ್ಟೋ ತುಂಡಾಗುತ್ತದೆ. ತುಂಡಾಗುವುದು ಸಾಮಾನ್ಯವಾಗಿ ಹೊರೆ ಹೆಚ್ಚಿದ್ದಾಗ, ಅಂದರೆ ಜನ ತುಂಬಿಕೊಂಡು ಏರು ಹತ್ತುತ್ತಿರುವಾಗ.

ಇದರ ಜೊತೆ ಇನ್ನೊಂದು ವಿಷಯವಿದೆ, ಹಳೆ ಜೀಪು ಇಟ್ಟುಕೊಂಡವರಲ್ಲೂ ಎಲ್ಲರಿಗೂ ಗೊತ್ತಿರುವುದಿಲ್ಲ. ಈ ಗಾಡಿಗಳ ಹ್ಯಾಂಡ್ ಬ್ರೇಕು ಚಕ್ರದಲ್ಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಬದಿ, ಹಿಂದಿನ ಶಾಫ್ಟು ಶುರುವಾಗುವ ಕಡೆ ಒಂದು ಸಣ್ಣ ಡ್ರಮ್ ಇದೆ, ಅದನ್ನು ಹಿಡಿಯುತ್ತದೆ. ಹಿಂದಿನ ಆಕ್ಸೆಲ್ ಶಾಫ್ಟ್ ಒಂದು ತುಂಡಾಯಿತು ಎನ್ನಿ. ಹೌಸಿಂಗಿನೊಳಗೆ ಎಡ-ಬಲ ಚಕ್ರಗಳ ನಡುವೆ ಇರುವ ಡಿಫ್ ಆ ಖಾಲಿ ಕಡೆಗೆ ತಿರುಗಿಬಿಡುತ್ತದೆ. ಗೇರಿನಲ್ಲಿ ನಿಲ್ಲಿಸಿದರೂ ಗಾಡಿ ನಿಲ್ಲುವುದಿಲ್ಲ, ಹ್ಯಾಂಡ್ ಬ್ರೇಕ್ ಎಳೆದರೂ ನಿಲ್ಲುವುದಿಲ್ಲ, ಮುಂದಿನ ಚಕ್ರ ಕೂಡಿಕೊಂಡಿದ್ದರೆ ಮಾತ್ರ ಉಂಟು. ಕಾಲಿನ ಬ್ರೇಕೊಂದೇ ಗತಿ. ಈಗ ಯೋಚಿಸಿ: ಹಿಂದಿನ ಶಾಫ್ಟು ತುಂಡಾಗುವಂತೆ ಮಾಡುವ ಬೆರಕೆ, ಹಿಂದಿನ ಶಾಫ್ಟಿನ ಮೇಲೇ ನಿಂತಿರುವ ಹ್ಯಾಂಡ್ ಬ್ರೇಕು. ಬೇರೆ ಮಾದರಿಯ ಟ್ರಾನ್ಸ್‌ಫರ್ ಕೇಸು ತಂದು ಕೂರಿಸುವಾಗ ಈ ಡ್ರಮ್ಮಿಗೆ ಜಾಗವಾಗದೆ, 'ಆಮೇಲೆ ನೋಡುವ' ಎಂದು ಬಿಟ್ಟುಬಿಟ್ಟ ಜೀಪುಗಳನ್ನೂ ನಾನು ನೋಡಿದ್ದೇನೆ. ಅವುಗಳ ಹ್ಯಾಂಡ್ ಬ್ರೇಕ್ ಎಂದರೆ ಸೀಟಿನಡಿ ಇಟ್ಟುಕೊಂಡ ಒಂದು ಕಲ್ಲು.

ಹಾಗಾಗಿ ನಮ್ಮ ಜೀಪಿಗೆ ಎರಡೂ ಹೌಸಿಂಗ್ ಇಡಿಯಾಗಿ ಹೋದವು, ಡ್ರಮ್ಮು, ಬ್ರೇಕ್ ಶೂ, ವ್ಹೀಲ್ ಸಿಲಿಂಡರ್ ಸಮೇತ. ಇದರಲ್ಲೂ ಒಂದು ಲೆಕ್ಕವಿದೆ. ಹಳೆ 3ಬಿಯ ಡ್ರಮ್ಮು 9 ಇಂಚಿನದು, ನಮ್ಮ 540ರದು ಅದಕ್ಕಿಂತ ದೊಡ್ಡದು. ಹಿಂದಕ್ಕೆ ದೊಡ್ಡ ಡ್ರಮ್ಮು, ಮುಂದಕ್ಕೆ ಸಣ್ಣದು ಉಳಿದರೆ ಜೋರಾಗಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಮೊದಲು ಕಚ್ಚಿಕೊಂಡು ಜೀಪು ಅಡ್ಡ ತಿರುಗುತ್ತದೆ. ಇಳಿಜಾರಿನಲ್ಲಿ, ಒದ್ದೆ ಎಲೆ ಬಿದ್ದ ರಸ್ತೆಯಲ್ಲಿ, ಒಂದು ಕಡೆ ದರೆ ಇನ್ನೊಂದು ಕಡೆ ಕಣಿವೆ ಇರುವಾಗ ಅಡ್ಡ ತಿರುಗುವುದು ಹೇಗಿರುತ್ತದೆ ಎಂದು ವಿವರಿಸಬೇಕಾಗಿಲ್ಲ.

ಕೆಲಸ ಸಲೀಸಾಗಿತ್ತು ಎಂದು ಹೇಳಲಾರೆ. ಸ್ಪ್ರಿಂಗ್ ಪಟ್ಟಿ ಕೂರುವ ಪೀಠಗಳ ಅಂತರ ಎರಡು ಜೀಪಿನಲ್ಲಿ ಒಂದೇ ಇರಲಿಲ್ಲ, ಹಳೆಯದನ್ನು ಕಡಿದು ಹೊಸ ಜಾಗಕ್ಕೆ ಬೆಸೆಯಬೇಕಾಯಿತು. ಹಾಗೆ ಬೆಸೆಯುವಾಗ ಹೌಸಿಂಗಿನ ಮೂತಿ ಎಷ್ಟು ಮೇಲಕ್ಕೆ ಮುಖ ಮಾಡಿರಬೇಕು ಎಂಬ ಓರೆಯನ್ನು ಅಳೆದುಕೊಳ್ಳದಿದ್ದರೆ ಶಾಫ್ಟು ಗುಂಯ್‌ಗುಡುತ್ತಲೇ ಇರುತ್ತದೆ. ಪ್ರೊಪೆಲ್ಲರ್ ಶಾಫ್ಟುಗಳ ಉದ್ದವೂ ಹೊಂದಲಿಲ್ಲ. ಲೇತಿಗೆ ಕೊಟ್ಟು ಕತ್ತರಿಸಿ ಬೆಸೆದು, ಬ್ಯಾಲೆನ್ಸ್ ಮಾಡಿಸಿ ತಂದೆವು. ಪುಣ್ಯಕ್ಕೆ ಎರಡು ಜೀಪಿನಲ್ಲೂ ಹಿಂದಿನ ಹೌಸಿಂಗಿನಲ್ಲಿ ಕ್ರೌನ್ ಕೂರುವ ಉಬ್ಬು ಬಲಕ್ಕೇ ಇತ್ತು. ವಿಲ್ಲಿಸ್ ಕಾಲದ ಟ್ರಾನ್ಸ್‌ಫರ್ ಕೇಸಿನ ಶಾಫ್ಟು ನಡುವಿನಿಂದ ಹೊರಡದೆ ಬಲಬದಿಯಿಂದ ಹೊರಡುತ್ತದೆ, ಅದಕ್ಕೆ ಹೌಸಿಂಗೂ ಹಾಗೆ. ಉಬ್ಬು ನಡುವೆ ಇರುವ ಹೌಸಿಂಗ್ ತಂದು ಇದಕ್ಕೆ ಕಟ್ಟಿದರೆ ಶಾಫ್ಟು ಓರೆಯಾಗಿ ಓಡುತ್ತಾ ಕ್ರಾಸುಗಳನ್ನು ತಿನ್ನುತ್ತದೆ. ಇನ್ನು ಹೌಸಿಂಗನ್ನು ತಲೆಕೆಳಗಾಗಿ ಕೂರಿಸಿದರೆ ಮುಂದಕ್ಕೆ ಒಂದು ಗೇರು, ಹಿಂದಕ್ಕೆ ಮೂರು ಗೇರು ಸಿಗುತ್ತದೆ ಎಂದು ಮೇಸ್ತ್ರಿ ನಗುತ್ತಾ ಹೇಳುತ್ತಿದ್ದರು. ಹಾಗೆ ಕೂರಿಸಿದವರು ಯಾರೆಂದು ಕೇಳಿದರೆ ಹೇಳಲಿಲ್ಲ.

540ರ ಹಿಂದಿನ ಹೌಸಿಂಗನ್ನು ಬಿಚ್ಚಿ ನೋಡದೆ ಹಾಕಲು ಮೇಸ್ತ್ರಿ ಒಪ್ಪಲಿಲ್ಲ. ಅದರ ಬೇರಿಂಗ್ ಬದಲಾಯಿಸಿದ ಮೇಲೆ ಕ್ರೌನ್ ಪಿನಿಯನ್ನಿನ ಕೂಡಿಕೆ ನೋಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನೀಲಿ ಬಣ್ಣದ ಒಂದು ಪೇಸ್ಟನ್ನು ಬೆರಳ ತುದಿಯಿಂದ ಕ್ರೌನಿನ ನಾಲ್ಕೈದು ಹಲ್ಲುಗಳಿಗೆ ತೆಳ್ಳಗೆ ಸವರಿದರು. ಪಿನಿಯನ್ನನ್ನು ಕೈಯಲ್ಲಿ ತಿರುಗಿಸಿ, ಕ್ರೌನಿಗೆ ಮರದ ತುಂಡು ಒತ್ತಿ ಹಿಡಿದು, ಹಿಂದೆ ಮುಂದೆ ಆಡಿಸಿದರು. ಹಲ್ಲು ಹಲ್ಲಿಗೆ ತಾಗಿದ ಕಡೆ ನೀಲಿ ಒರೆಸಿಹೋಗಿ ಉಕ್ಕು ಹೊಳೆಯಿತು. ಆ ಹೊಳಪು ಹಲ್ಲಿನ ತುದಿಯಲ್ಲೂ ಇರಬಾರದು, ಬುಡದಲ್ಲೂ ಇರಬಾರದು, ನಡುವೆ ಮೊಟ್ಟೆಯಾಕಾರದಲ್ಲಿ ಕೂರಬೇಕು. ಮೊದಲ ಸಲ ಬುಡಕ್ಕೆ ಇಳಿದಿತ್ತು. ಪಿನಿಯನ್ನಿನ ಹಿಂದೆ ಇಟ್ಟಿದ್ದ ಶಿಮ್ಮು ಎಂಬ ತೆಳು ಬಿಲ್ಲೆಗಳಲ್ಲಿ ಕಾಗದದಷ್ಟು ತೆಳುವಾದ ಒಂದನ್ನು ತೆಗೆದು ಮತ್ತೆ ಕೂರಿಸಿದರು, ಮತ್ತೆ ನೀಲಿ, ಮತ್ತೆ ತಿರುಗಿಸು. ಆಮೇಲೆ ಡಯಲ್ ಗೇಜು ಹಚ್ಚಿ ಹಲ್ಲುಗಳ ನಡುವಿನ ಪ್ಲೇ ನೋಡಿದರು. ಒಂದು ಮಿಲಿಮೀಟರಿನ ಕಾಲು ಭಾಗಕ್ಕಿಂತ ಹೆಚ್ಚಿರಬಾರದು, ತೀರಾ ಬಿಗಿಯೂ ಆಗಬಾರದು. ಕ್ರೌನ್ ಒಂದು ಗಾಡಿಯದು, ಪಿನಿಯನ್ ಇನ್ನೊಂದರದು ಎಂದು ಸೇರಿಸುವಂತೆಯೇ ಇಲ್ಲ. ಕಾರ್ಖಾನೆಯಲ್ಲಿ ಅವೆರಡನ್ನೂ ಜೊತೆಯಾಗಿ ಉಜ್ಜಿ ಹೊಂದಿಸಿರುತ್ತಾರೆ, ಜೋಡಿ ಒಡೆದರೆ ಬಾಳಿಕೆ ಬರುವುದಿಲ್ಲ.

ಗೇರ್ ಬಾಕ್ಸಿನ ಪ್ರಶ್ನೆಯೂ ಬಂದಿತ್ತು. 3ಬಿಯಲ್ಲಿರುವುದು ಟಿ-90 ಎಂಬ ಮೂರು ಗೇರಿನ ಡಬ್ಬಿ. ಅದರ ಒಂದನೇ ಗೇರಿಗೆ, ಹಲ್ಲುಗಳ ವೇಗ ಹೊಂದಿಸಿ ಸದ್ದಿಲ್ಲದೆ ಕೂಡಿಸುವ ಸಿಂಕ್ರೊ ಇಲ್ಲ, ಗಾಡಿ ಪೂರ್ತಿ ನಿಲ್ಲಿಸದೆ ಹಾಕಿದರೆ ಊರಿಗೆಲ್ಲ ಕೇಳುವಂತೆ ಕಿರುಚುತ್ತದೆ. 540ರ ನಾಲ್ಕು ಗೇರಿನ ಡಬ್ಬಿ ಹಾಕಿಬಿಡಿ ಎಂದು ಅಳಿಯ ಒತ್ತಾಯಿಸಿದ. ಆದರೆ ಡಬ್ಬಿಯ ಮೂತಿ ಕೂರುವುದು ಎಂಜಿನ್ನಿನ ಹಿಂದೆ ಕ್ಲಚ್ ಮುಚ್ಚುವ ಬೆಲ್ ಹೌಸಿಂಗಿಗೆ. ಅದು ಡೀಸೆಲ್ ಎಂಜಿನ್ನಿಗೆ ಮಾಡಿದ್ದು, ಇದು ಪೆಟ್ರೋಲ್. ಬೋಲ್ಟಿನ ತೂತು ಬೇರೆ, ಒಳಗಿನ ಪೈಲಟ್ ಬೇರಿಂಗ್ ಬೇರೆ, ಕ್ಲಚ್ ಪ್ಲೇಟಿನ ಹಲ್ಲು ಬೇರೆ. ನಡುವೆ ತಗಡು ಕಡಿದು ಹೊಂದಿಸುವವರಿದ್ದಾರೆ. ಕೂದಲೆಳೆಯಷ್ಟು ಓರೆ ಬಂದರೂ ಬೇರಿಂಗು ಹೋಗುತ್ತದೆ. ಬೇಡವೆಂದು ಬಿಟ್ಟೆವು. ಎಂಜಿನ್ನನ್ನಂತೂ ಮುಟ್ಟುವ ಮಾತೇ ಬರಲಿಲ್ಲ, ಆರ್‌ಸಿಯಲ್ಲಿ ಎಂಜಿನ್ ನಂಬರು ಇದೆ.

ಬದಲಾದ ಮೇಲೆ ಜೀಪು ಹೇಗಿದೆ ಎಂದರೆ, ಕೆಲವು ಗುಣ ಕೂಡಿತು, ಒಂದು ಗುಣ ಹೋಯಿತು. ಬ್ರೇಕು ಹಿಂದೆಂದೂ ಇಲ್ಲದಷ್ಟು ಚೆನ್ನಾಗಿದೆ. ಟಾರು ರಸ್ತೆಯಲ್ಲಿ ಎಂಜಿನ್ನಿನ ಅರಚಾಟ ಕಡಿಮೆಯಾಗಿದೆ. ಆದರೆ ಲೋ ಗೇರಿನಲ್ಲಿ ಮೊದಲಿದ್ದ ತೆವಳುವ ಶಕ್ತಿ ಸ್ವಲ್ಪ ಕಮ್ಮಿ. ಟಿ-90ರ ಒಂದನೇ ಗೇರು 2.798, ಟ್ರಾನ್ಸ್‌ಫರ್ ಕೇಸಿನ ಲೋ 2.46, ಅದಕ್ಕೆ 5.38 ಸೇರಿಸಿ ಗುಣಿಸಿದರೆ ಎಂಜಿನ್ 37 ಸುತ್ತು ಬಂದರೆ ಚಕ್ರ ಒಂದು ಸುತ್ತು. ಈಗ ಅದು ಮೂವತ್ತಮೂರೂವರೆ. ಎಂಜಿನ್ ಸಾವಿರ ಸುತ್ತಿನಲ್ಲಿದ್ದಾಗ ಮೊದಲು ಗಂಟೆಗೆ ಮೂರೂಮುಕ್ಕಾಲು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ ಹೋಗುತ್ತಿದ್ದದ್ದು ಈಗ ನಾಲ್ಕು. ಕೆಸರಿನ ಇಳಿಜಾರಿನಲ್ಲಿ ಕಾಲು ಕಿಲೋಮೀಟರಿಗೂ ಮಿಕ್ಕ ಈ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ. ಮೀಟರಿನ ಕೇಬಲ್ಲು ಟ್ರಾನ್ಸ್‌ಫರ್ ಕೇಸಿನಿಂದ ಬರುವುದರಿಂದ ಅದೂ ಸುಳ್ಳು ಹೇಳತೊಡಗಿದೆ: ಮುಳ್ಳು 40 ತೋರಿಸುವಾಗ ಗಾಡಿ ನಿಜವಾಗಿ 44ರಲ್ಲಿರುತ್ತದೆ. ಅದನ್ನು ನೆನಪಿಟ್ಟುಕೊಂಡು ಓಡಿಸುತ್ತೇನೆ.

ಬೆರಕೆ ಎಂಬುದು ಇಂದು ನಿನ್ನೆಯದೂ ಅಲ್ಲ. ಎರಡನೇ ಮಹಾಯುದ್ಧದ ಮಿಲಿಟರಿ ವಿಲ್ಲಿಸ್ ಜೀಪಿನ ಆಕ್ಸೆಲ್ ಅನುಪಾತ 4.88. 1945ರಲ್ಲಿ ಅದೇ ಕಂಪನಿ ರೈತರಿಗೆಂದು ಸಿಜೆ-2ಎ ತಂದಾಗ ನೇಗಿಲು ಎಳೆಯಲು ಬಲ ಬೇಕೆಂದು 5.38 ಮಾಡಿತು. ಹೊರಗಿನಿಂದ ನೋಡಿದರೆ ಎರಡೂ ಅಣ್ಣತಮ್ಮಂದಿರಂತೆ. ಯುದ್ಧ ಮುಗಿದ ಮೇಲೆ ಡಿಸ್ಪೋಸಲ್ಲಿನಲ್ಲಿ, ಅಂದರೆ ಸೇನೆ ಮಾರಿಬಿಟ್ಟಾಗ, ಬಂದ ಮಿಲಿಟರಿ ಜೀಪುಗಳೂ ಆಮೇಲೆ ಕಂಪನಿಯಿಂದ ಬಂದ ಜೀಪುಗಳೂ ಒಂದೇ ಊರಿನ ಒಂದೇ ಗ್ಯಾರೇಜಿನಲ್ಲಿ ಬಿಚ್ಚಿಕೊಂಡು ಬಿದ್ದಿದ್ದಾಗ, ಯಾವುದರ ಹೊಟ್ಟೆಗೆ ಯಾವುದರ ಕರುಳು ಹೋಯಿತೋ ಬಲ್ಲವರಾರು? ಇವತ್ತು ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹೌಸಿಂಗ್ ಕೊಳ್ಳುವವರ ಕೈಗೂ ಅದರ ಹಲ್ಲಿನ ಲೆಕ್ಕ ಬರೆದ ಚೀಟಿ ಬರುವುದಿಲ್ಲ. ಮೇಲೆ ಬಳಿದ ಕಪ್ಪು ಬಣ್ಣ ಮಾತ್ರ ಹೊಸದಾಗಿರುತ್ತದೆ.

ಈಗ ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಅದೇ ತಯಾರಿಕೆಯ ಅದೇ ಬಗೆಯ ಎಂಜಿನ್ ಹಾಕಲು ಅನುಮತಿ ಪಡೆಯಬಹುದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಮಾರ್ಪಾಡು ಒಂದೊಂದಕ್ಕೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಎಂದು ಸೇರಿತು. ಬಣ್ಣ, ಬಂಪರ್, ಛಾವಣಿ, ದೊಡ್ಡ ಟೈರು, ಕಣ್ಣಿಗೆ ಕಾಣುವುದೆಲ್ಲ ಇದರಡಿ ಸಿಕ್ಕಿಬೀಳುತ್ತದೆ. ಕೋರ್ಟು ಹೇಳಿದ್ದು ಸರಿಯೇ, ಲಾರಿ ಎಂಜಿನ್ ಹಾಕಿ ಪೇಟೆಯಲ್ಲಿ ಮೆರೆಯುವವರಿಗೆ ಮೂಗುದಾರ ಬೇಕಿತ್ತು.

ಆದರೆ ಹೌಸಿಂಗಿನ ಹಲ್ಲಿನ ಲೆಕ್ಕಕ್ಕೆ ಆರ್‌ಸಿಯಲ್ಲಿ ಜಾಗವೇ ಇಲ್ಲ. ಛಾಸಿ ನಂಬರಿದೆ, ಎಂಜಿನ್ ನಂಬರಿದೆ, ಬಣ್ಣವಿದೆ, ಎಷ್ಟು ಜನ ಕೂರಬಹುದು ಎಂದಿದೆ. ಹೀಗಾಗಿ ಏನಾಗುತ್ತದೆ? ನಮ್ಮ ಮೇಸ್ತ್ರಿಯಂಥವರು ಎರಡೂ ಹೌಸಿಂಗ್ ಸರಿಯಾಗಿ ಹಾಕಿದರೂ ಎಲ್ಲೂ ದಾಖಲಾಗುವುದಿಲ್ಲ, ಇನ್ನೊಬ್ಬರು ಹಿಂದಿನದೊಂದನ್ನೇ ಹಾಕಿ ಕೈತೊಳೆದುಕೊಂಡರೂ ಎಲ್ಲೂ ದಾಖಲಾಗುವುದಿಲ್ಲ. ಕಾಗದದ ಮೇಲೆ ಎರಡೂ ಒಂದೇ. ಹೇಳಿಕೊಂಡರೆ ಎಲ್ಲಿ ದಂಡ ಬೀಳುತ್ತದೋ ಎಂದು ಮಾಲೀಕರು ಬಾಯಿ ಬಿಡುವುದಿಲ್ಲ. ಜೀಪು ಮಾರುವಾಗ ಆ ಗುಟ್ಟು ಕೊಂಡವನಿಗೂ ತಿಳಿಯುವುದಿಲ್ಲ. ಕೊಂಡವನು ಅದಕ್ಕೆ ಹೊಸ ಬಣ್ಣ ಹೊಡೆಸಿ ಪ್ರವಾಸಿಗರನ್ನು ಹತ್ತಿಸಿಕೊಳ್ಳುತ್ತಾನೆ.

ಎಫ್‌ಸಿಗೆ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ತಪಾಸಣೆಗೆ, ಹೋದಾಗ ಏನು ನೋಡುತ್ತಾರೆ ಎಂಬುದು ಹಳೆ ಗಾಡಿ ಇಟ್ಟುಕೊಂಡ ಎಲ್ಲರಿಗೂ ಗೊತ್ತು. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ. 600 ರೂಪಾಯಿ ಇದ್ದ ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ ಒಮ್ಮೆಲೇ 5,000 ಆಗಿತ್ತು. ಅಷ್ಟು ಕಟ್ಟಿ ಒಯ್ದ ನಮ್ಮ ಜೀಪಿನ ಲೈಟು, ಹಾರ್ನು, ರಿಫ್ಲೆಕ್ಟರ್ ಪಟ್ಟಿ, ಬಣ್ಣ ನೋಡಿದರು. ಛಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಬ್ರೇಕ್ ಇನ್‌ಸ್ಪೆಕ್ಟರ್ ಎಂದು ನಾವು ಕರೆಯುವ ಅಧಿಕಾರಿ ಸಮತಟ್ಟಾದ ಅಂಗಳದಲ್ಲಿ ಹತ್ತು ಮಾರು ಓಡಿಸಿ ನಿಲ್ಲಿಸಿ ಎಂದರು. ಕೆಳಗೆ ಬಗ್ಗಲಿಲ್ಲ. ಅವರನ್ನು ದೂರುವುದಿಲ್ಲ, ಸಾಲಿನಲ್ಲಿ ನಮ್ಮ ಹಿಂದೆ ಆಟೊಗಳು, ಶಾಲಾ ವ್ಯಾನುಗಳು ನಿಂತಿದ್ದವು. ಆದರೆ ಹ್ಯಾಂಡ್ ಬ್ರೇಕ್ ಎಳೆದು ತೋರಿಸಿ ಎಂದು ಕೇಳಲೂ ಇಲ್ಲವಲ್ಲ ಎಂಬುದು ನನ್ನ ಕೊರಗು.

ಕೆಳಗೆ ಬಗ್ಗಿ ನೋಡಲು ದೊಡ್ಡ ಯಂತ್ರ ಬೇಕಾಗಿಲ್ಲ. ಒಂದು ಜ್ಯಾಕು, ಒಂದು ಸೀಮೆಸುಣ್ಣ ಸಾಕು. ಹಿಂದಿನ ಒಂದು ಚಕ್ರವನ್ನು ನೆಲದಿಂದ ಎತ್ತಬೇಕು. ಉಳಿದ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಬೇಕು, ಯಾಕೆಂದರೆ ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕಾಗುತ್ತದೆ, ಎಳೆದಿದ್ದರೆ ಶಾಫ್ಟೇ ತಿರುಗದು. ಗೇರು ನ್ಯೂಟ್ರಲ್. ಟೈರಿನ ಮೇಲೆ ಒಂದು ಗೆರೆ, ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಒಂದು ಗೆರೆ. ಎತ್ತಿದ ಚಕ್ರವನ್ನು ಕೈಯಲ್ಲಿ ಸರಿಯಾಗಿ ಎರಡು ಸುತ್ತು ತಿರುಗಿಸಬೇಕು. ಜೊತೆಯ ಚಕ್ರ ನೆಲದಲ್ಲಿ ನಿಂತಿರುವುದರಿಂದ ಎರಡು ಸುತ್ತಿಗೆ ಕ್ರೌನು ಒಂದು ಸುತ್ತು ಬರುತ್ತದೆ. ಅಷ್ಟರಲ್ಲಿ ಶಾಫ್ಟು ಎಷ್ಟು ತಿರುಗಿತು ಎಂದು ಇನ್ನೊಬ್ಬರು ಎಣಿಸಬೇಕು. ಐದು ದಾಟಿ ಮೂರನೇ ಒಂದು ಭಾಗಕ್ಕಿಂತ ಚೂರು ಹೆಚ್ಚು ಬಂದರೆ 5.38. ಐದು ತುಂಬುವ ಮೊದಲೇ ನಿಂತರೆ 4.88. ಫೋರ್ ವ್ಹೀಲ್ ಬಿಟ್ಟು, ಮುಂದಿನ ಒಂದು ಚಕ್ರ ಎತ್ತಿ ಹಾಗೆಯೇ ನೋಡಬೇಕು. ಮುಂದಿನ ಚಕ್ರವನ್ನು ಆಕ್ಸೆಲ್ಲಿನಿಂದ ಬಿಡಿಸುವ ಫ್ರೀ ವ್ಹೀಲ್ ಹಬ್ ಇದ್ದರೆ ಎರಡು ಕಡೆಯೂ ಲಾಕ್ ಮಾಡಿರಬೇಕು. ಎರಡೂ ಲೆಕ್ಕ ಒಂದೇ ಬಂದರೆ ಜೀಪು ಪಾಸು. ಎಸ್ಸೆಸ್ಸೆಲ್ಸಿ ಓದುತ್ತಿರುವ ನನ್ನ ತಂಗಿಯ ಮಗಳು ಇದನ್ನು ಮಾಡಿ ತೋರಿಸುತ್ತಾಳೆ.

ಸಾರಿಗೆ ಇಲಾಖೆಯನ್ನು ನಾನು ಕೇಳುವುದು ಇಷ್ಟು. ಹಳೆಯ ಫೋರ್ ವ್ಹೀಲ್ ಗಾಡಿಗಳ ನೋಂದಣಿ ನವೀಕರಣದ ಹೊತ್ತಿಗೆ ಮುಂದಿನ-ಹಿಂದಿನ ಹೌಸಿಂಗಿನ ಅನುಪಾತ ಅಳೆದು ಬರೆದುಕೊಳ್ಳಲಿ. ಒಂದೇ ತಯಾರಕರ ಒಂದೇ ವಂಶದ ಗಾಡಿಯಿಂದ, ಎರಡೂ ಕಡೆ ಹೊಂದುವಂತೆ ಭಾಗ ಹಾಕಿದ್ದರೆ ಅದಕ್ಕೊಂದು ಸಕ್ರಮದ ದಾರಿ ಮಾಡಿಕೊಡಲಿ. ಹೊಂದದಿದ್ದರೆ ಸರಿಮಾಡಿಸಿಕೊಂಡು ಬಾ ಎಂದು ವಾಪಸು ಕಳಿಸಲಿ, ಅದಕ್ಕೆ ನನ್ನ ತಕರಾರಿಲ್ಲ. ಹ್ಯಾಂಡ್ ಬ್ರೇಕನ್ನು ಸಮತಟ್ಟಿನಲ್ಲಿ ಬೇಡ, ಏರಿನಲ್ಲಿ ನಿಲ್ಲಿಸಿ ನೋಡಲಿ. ಮಲೆನಾಡಿನ ಯಾವ ಊರಿನಲ್ಲಿ ಏರಿಗೆ ಬರವಿದೆ? ನಾಲ್ಕು ಡ್ರಮ್ಮುಗಳನ್ನು ಬಿಚ್ಚಿಸಿ ಅಳತೆ ನೋಡಲಿ. ದುಡ್ಡು ತೆಗೆದುಕೊಂಡು ಬೆಟ್ಟ ಹತ್ತಿಸುವ ಜೀಪುಗಳಿಗಂತೂ ಇದು ವರ್ಷಕ್ಕೊಮ್ಮೆ ಆಗಲೇಬೇಕು. ಅವುಗಳಲ್ಲಿ ಬಿಳಿ ಬೋರ್ಡಿನವು ಎಷ್ಟು, ಹಳದಿ ಬೋರ್ಡಿನವು ಎಷ್ಟು ಎಂಬ ಇನ್ನೊಂದು ಪುರಾಣವನ್ನು ಇಲ್ಲಿ ತೆರೆಯುವುದಿಲ್ಲ.

ಐಟಿಐಗಳ ಬಗ್ಗೆಯೂ ಒಂದು ಮಾತು. ಮೋಟಾರ್ ಮೆಕ್ಯಾನಿಕ್ ಓದಿ ನಮ್ಮ ಕಡೆಯ ಗ್ಯಾರೇಜುಗಳಿಗೆ ಬರುವ ಹುಡುಗರು ಸ್ಕ್ಯಾನರ್ ಹಚ್ಚಿ ಹೊಸ ಕಾರಿನ ದೋಷ ಹೇಳಬಲ್ಲರು. ನೀಲಿ ಹಚ್ಚಿ ಕ್ರೌನ್ ಪಿನಿಯನ್ ಕೂರಿಸಬಲ್ಲವರು ನಮ್ಮ ಹೋಬಳಿಯಲ್ಲಿ ಈಗ ಬೆರಳೆಣಿಕೆಯಷ್ಟು, ಎಲ್ಲರಿಗೂ ತಲೆ ನೆರೆತಿದೆ. ಚಿಕ್ಕಮಗಳೂರು, ಕೊಡಗು, ಹಾಸನ, ಶಿವಮೊಗ್ಗ ಜಿಲ್ಲೆಗಳ ಐಟಿಐಗಳಲ್ಲಾದರೂ ಇಂಥ ಹಿರಿಯ ಮೇಸ್ತ್ರಿಗಳನ್ನು ಕರೆಸಿ, ಒಂದು ಹಳೆ ಹೌಸಿಂಗನ್ನು ಬೆಂಚಿನ ಮೇಲಿಟ್ಟು ಹುಡುಗರ ಕೈಯಲ್ಲಿ ಬಿಚ್ಚಿಸಿ ಕೂರಿಸಬಾರದೇಕೆ? ಅವರಿಗೆ ಸರ್ಟಿಫಿಕೇಟು ಇಲ್ಲ ಎಂಬ ನೆಪ ಬರುತ್ತದೆ ಎಂದು ಗೊತ್ತು.

ಎಲ್ಲವನ್ನೂ ಗುಜರಿಗೆ ಹಾಕಿ ಎಂದ ಓದುಗರಿಗೆ ಒಂದು ವಿನಂತಿ. ಹೊಸ ಫೋರ್ ವ್ಹೀಲ್ ಗಾಡಿಯ ಬೆಲೆ ಹತ್ತು ಲಕ್ಷ ದಾಟಿ ಎಲ್ಲೋ ಹೋಗಿದೆ. ಎರಡು ಮೂರು ಎಕರೆ ತೋಟದವರು, ಅದರಲ್ಲೂ ಕೊಳೆರೋಗಕ್ಕೆ ಅಡಿಕೆ ಉದುರಿದ ವರ್ಷ, ಅದನ್ನು ಕೊಳ್ಳುವ ಮಾತು ದೂರ. ಹಳೆ ಜೀಪುಗಳನ್ನು ಒಮ್ಮೆಲೇ ಎತ್ತಿಕೊಂಡು ಹೋದರೆ ನಮ್ಮಂಥ ಒಳಮನೆಗಳ ಬಸುರಿಯರನ್ನು ಮಳೆಗಾಲದಲ್ಲಿ ಮತ್ತೆ ಕಂಬಳಿ ಜೋಲಿಯಲ್ಲಿ ಹೊತ್ತು ತರಬೇಕಾಗುತ್ತದೆ. ಮುಂದಿನ ಸಲ ಅವರು ಬೆಟ್ಟ ಹತ್ತುವ ಮುನ್ನ ಡ್ರೈವರಿಗೆ ಎರಡು ಪ್ರಶ್ನೆ ಕೇಳಲಿ: ಹಿಂದಿನ ಹೌಸಿಂಗ್ ಬದಲಾಗಿದೆಯೇ, ಬದಲಾಗಿದ್ದರೆ ಮುಂದಿನದೂ ಬದಲಾಗಿದೆಯೇ? ಆಮೇಲೆ ಏರಿನಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದು, ಕಾಲಿನ ಬ್ರೇಕಿನಿಂದ ಕಾಲು ತೆಗೆಯಲು ಹೇಳಲಿ. ಡ್ರೈವರು ಹಿಂದುಮುಂದು ನೋಡಿದರೆ ಇಳಿದುಬಿಡಲಿ.

ಇಲಾಖೆಯವರು ಇಂಥ ತಪಾಸಣೆಯನ್ನು ಎಲ್ಲಾದರೂ ಒಂದು ಕಡೆ ಪ್ರಯೋಗಕ್ಕೆಂದು ಶುರುಮಾಡುವುದಾದರೆ ನಮ್ಮ 3ಬಿಯನ್ನು ನಾನೇ ಓಡಿಸಿಕೊಂಡು ಬರುತ್ತೇನೆ. ಜ್ಯಾಕು, ಸೀಮೆಸುಣ್ಣ, ಹಾಸಲು ಗೋಣಿಚೀಲವನ್ನೂ ತರುತ್ತೇನೆ.

ಇಂತಿ,
ಬೆಳೆಗಾರ್ತಿಯೊಬ್ಬಳು,
ಕಳಸ, ಚಿಕ್ಕಮಗಳೂರು ಜಿಲ್ಲೆ